ಚೆನ್ನೈ ಮರೀನಾ ಲೈಟ್‌ಹೌಸ್: ಲಿಫ್ಟ್ ಹತ್ತುವ ಮುಂಚೆ ಕೆಳಗಿನ ದೀಪಗಳನ್ನು ನೋಡಿ

ಚೆನ್ನೈಗೆ ಹೋದವರು ಮರೀನಾ ಬೀಚಿಗೆ ಹೋಗದೆ ಬರುವುದಿಲ್ಲ. ಸುಂಡಲ್ ತಿಂದು, ಕಾಲು ಒದ್ದೆ ಮಾಡಿಕೊಂಡು, ನಾಲ್ಕು ಫೋಟೋ ತೆಗೆದು ವಾಪಸ್ ಬರುತ್ತಾರೆ. ಅದೇ ಬೀಚಿನ ದಕ್ಷಿಣದ ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಲೈಟ್‌ಹೌಸ್ ನಿಂತಿದೆ. ಹೋದ ತಿಂಗಳು ಅರ್ಧ ದಿನ ಕೊಟ್ಟು ಅದನ್ನು ಸರಿಯಾಗಿ ನೋಡಿ ಬಂದೆ. ಬರೆಯಲೇಬೇಕು ಅನ್ನಿಸಿತು. ನಾನು ಹೋಗುವ ಮುಂಚೆ ಓದಿದ ರಿವ್ಯೂಗಳಲ್ಲೆಲ್ಲ ಮೇಲಿನಿಂದ ಸಮುದ್ರ ಹೇಗೆ ಕಾಣುತ್ತದೆ ಅನ್ನುವುದೇ ಇತ್ತು, ದೀಪದ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಕಾಪು ಕಡೆಯವನು. ನಮ್ಮೂರಿನ ಲೈಟ್‌ಹೌಸ್ 1901ರದ್ದು, ಕಡಲ ದಂಡೆಯ ಬಂಡೆಯ ಮೇಲೆ ಕಟ್ಟಿದ್ದು. ಚಿಕ್ಕವನಿದ್ದಾಗ ರಾತ್ರಿ ಜಗಲಿಯಲ್ಲಿ ಮಲಗಿ, ಅದರ ಬೆಳಕು ತೆಂಗಿನ ಮರಗಳ ತಲೆ ಸವರಿಕೊಂಡು ಹೋಗುವುದನ್ನು ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ. ಹಾಗಾಗಿ ಲೈಟ್‌ಹೌಸ್ ಅಂದರೆ ನನಗೆ ಒಂಥರಾ ಮನೆಯ ವಿಷಯ.

ಮರೀನಾದ್ದಕ್ಕೆ ಇದು ನನ್ನ ಎರಡನೇ ಭೇಟಿ. ಮೊದಲ ಸಲ ಒಂದು ಟೂರ್ ವ್ಯಾನಿನವರ ಜೊತೆ ಬಂದಿದ್ದೆ. "20 ನಿಮಿಷ ಸಾರ್, ಬೇಗ ಬನ್ನಿ" ಅಂದು ಇಳಿಸಿದರು. ಲಿಫ್ಟ್ ಹತ್ತಿದೆವು, ಇಳಿದೆವು, ಅಷ್ಟರಲ್ಲಿ ಕೆಳಗೆ ಹಾರ್ನ್ ಹೊಡೆಯಲು ಶುರು ಮಾಡಿದ್ದರು. ಮ್ಯೂಸಿಯಂ ಬಾಗಿಲಲ್ಲಿ ಇಣುಕಿ ನೋಡಿದ್ದಷ್ಟೇ. ಆ ಟೂರಿನ ದುಡ್ಡು ದಂಡ. ಹಾಗೆ ಮಾತ್ರ ಹೋಗಬೇಡಿ, ಸ್ವಂತವಾಗಿ ಹೋಗಿ. ಎಂಆರ್‌ಟಿಎಸ್ ರೈಲಿನಲ್ಲಿ ಲೈಟ್‌ಹೌಸ್ ಅಂತಲೇ ಒಂದು ಸ್ಟೇಷನ್ ಇದೆ. ಅಲ್ಲಿ ಇಳಿದು ಆಟೋ ಹಿಡಿದರೂ ಆಯಿತು, ಬಿಸಿಲು ಇಲ್ಲದಿದ್ದರೆ ನಡೆದರೂ ಆಯಿತು. ಸೋಮವಾರ ರಜೆ. ಮಧ್ಯಾಹ್ನ ಊಟದ ಹೊತ್ತಿಗೂ ಮುಚ್ಚುತ್ತಾರೆ, ಅದಕ್ಕೆ ಸಮಯ ಕೇಳಿಕೊಂಡು ಹೊರಡಿ. ಟಿಕೆಟ್ ಜೇಬಿಗೆ ಭಾರವಲ್ಲ. ಕ್ಯಾಮೆರಾಕ್ಕೆ ಬೇರೆ ದುಡ್ಡು ಕೊಡಬೇಕು.

ಈ ಸಲ ನನ್ನ ಜೊತೆ ಬಂದಿದ್ದು ಚಿಕ್ಕಪ್ಪ. ಹುಡುಗನಾಗಿದ್ದಾಗಲೇ ಊರು ಬಿಟ್ಟು ಮದ್ರಾಸಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸಪ್ಲಾಯರ್ ಆಗಿ, ಕೊನೆಗೆ ಮೈಲಾಪುರದಲ್ಲಿ ಸ್ವಂತ ಚಿಕ್ಕ ಹೋಟೆಲು ಇಟ್ಟವರು. 40 ವರ್ಷದಿಂದ ಇದೇ ಊರಿನಲ್ಲಿದ್ದಾರೆ. ಒಂದು ದಿನವೂ ಈ ಲೈಟ್‌ಹೌಸ್ ಹತ್ತಿರಲಿಲ್ಲ. "ಬೆಳಗ್ಗೆ 4 ಗಂಟೆಗೆ ಹಿಟ್ಟು ನೋಡುವವನಿಗೆ ಇದೆಲ್ಲ ಎಲ್ಲಿ ಮಾರಾಯ" ಅಂದರು. ಆದರೂ ಬಂದರು.

ಊರಲ್ಲಿ ನಮ್ಮ ಅಜ್ಜ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ನೇಮ, ಯಕ್ಷಗಾನ, ಏನೇ ಇದ್ದರೂ ಅಜ್ಜನ ಗ್ಯಾಸ್‌ಲೈಟ್ ಹೋಗಬೇಕಿತ್ತು. ಅದಕ್ಕೆ ಪಂಪು ಹೊಡೆಯುವ ಕೆಲಸ ಚಿಕ್ಕಪ್ಪನದ್ದು. ಈ ವಿಷಯ ಇಲ್ಲಿ ಯಾಕೆ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಗೋಪುರದ ವಿಷಯ ಬೇಗ ಮುಗಿಸುತ್ತೇನೆ. ಇದು ದುಂಡಗಿನದ್ದಲ್ಲ, ಮೂರು ಮೂಲೆಯ ಕಾಂಕ್ರೀಟ್ ಗೋಪುರ. 1977ರ ಜನವರಿಯಲ್ಲಿ ಶುರುವಾಯಿತು. ಎತ್ತರ ಸುಮಾರು 150 ಅಡಿ. ಲಿಫ್ಟ್ ಇದೆ, ಲೈಟ್‌ಹೌಸಿನಲ್ಲಿ ಇದು ಅಪರೂಪ. ಮಂಡಿ ನೋವಿನ ಹಿರಿಯರನ್ನು ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ತುಂಬಾ ವರ್ಷ ಜನರಿಗೆ ಪ್ರವೇಶ ಇರಲಿಲ್ಲ, 2013ರ ನವೆಂಬರಿನಲ್ಲಿ ಮತ್ತೆ ತೆರೆದರು. ಮೇಲಿನ ಗ್ಯಾಲರಿಯಲ್ಲಿ ಗಾಳಿ ಜೋರು, ಟೋಪಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಕಡೆ ಉದ್ದಕ್ಕೆ ಮರೀನಾ, ಇನ್ನೊಂದು ಕಡೆ ಸ್ಯಾಂಥೋಮ್ ಚರ್ಚಿನ ಬಿಳಿ ಶಿಖರ, ಕಾಲಡಿಗೆ ನೊಚ್ಚಿಕುಪ್ಪಂ ಮೀನುಗಾರರ ದೋಣಿಗಳು. ಚೆನ್ನಾಗಿದೆ. ದೀಪ ಇರುವುದು ಅದಕ್ಕೂ ಮೇಲೆ, ಅಲ್ಲಿಗೆ ನಮ್ಮನ್ನು ಬಿಡುವುದಿಲ್ಲ. ಅದಕ್ಕೇ ದೀಪ ನೋಡಬೇಕಾದರೆ ಕೆಳಗಿನ ಮ್ಯೂಸಿಯಮ್ಮಿಗೆ ಹೋಗಬೇಕು. ಈ ರಿವ್ಯೂ ನಿಜವಾಗಿ ಅದರ ಬಗ್ಗೆ.

ಮ್ಯೂಸಿಯಂ ದೊಡ್ಡದಲ್ಲ. ಹಳೇ ಕಾಲದ ಲೈಟ್‌ಹೌಸ್ ದೀಪಗಳು, ಗಾಜಿನ ಲೆನ್ಸು, ಮಂಜು ಕವಿದಾಗ ಕೂಗುವ ಹಾರ್ನು, ಹೀಗೆ ಸಾಮಾನುಗಳಿವೆ. ನಾವು ಹೋದಾಗ ಜನ ಕಮ್ಮಿ ಇದ್ದರು. ನಾನು ಲೆನ್ಸಿನ ಮುಂದೆ ನಿಂತವನು ಅಲ್ಲಾಡಲಿಲ್ಲ. ದೂರದಿಂದ ನೋಡಿದರೆ ಅದು ಗಾಜಿನ ದೊಡ್ಡ ಗೂಡಿನ ಹಾಗಿದೆ. ಹತ್ತಿರ ಹೋದರೆ ಒಂದೇ ಗಾಜಲ್ಲ, ಬಳೆಯೊಳಗೆ ಬಳೆ, ಅದರೊಳಗೆ ಇನ್ನೊಂದು ಬಳೆ. ಪ್ರತಿ ಬಳೆಯ ಅಂಚೂ ಬೇರೆ ಬೇರೆ ಓರೆಯಲ್ಲಿ ಉಜ್ಜಿದ್ದು. ಅದರ ಆಚೆ ಚಿಕ್ಕಪ್ಪ ನಿಂತಿದ್ದರು. ಈಚೆಯಿಂದ ನೋಡಿದರೆ ಅವರ ಒಂದು ಕಣ್ಣೇ ಇಡೀ ಗಾಜು ತುಂಬಿತ್ತು.

ಇದನ್ನು ಯೋಚಿಸಿದವನು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್. ಅವನ ಕಾಲಕ್ಕೆ ಸಮಸ್ಯೆ ಏನಿತ್ತು ಅಂದರೆ, ದೀಪ ಎಷ್ಟೇ ದೊಡ್ಡದು ಮಾಡಿದರೂ ಬೆಳಕು ಎಲ್ಲಾ ಕಡೆ ಚೆಲ್ಲಿ ಹೋಗುತ್ತಿತ್ತು. ಮೇಲೆ ಆಕಾಶಕ್ಕೆ, ಕೆಳಗೆ ನೆಲಕ್ಕೆ. ಹಡಗಿಗೆ ಬೇಕಾಗಿದ್ದು ನೇರವಾಗಿ ಸಮುದ್ರದ ಮೇಲೆ ಹೋಗುವ ಬೆಳಕು ಮಾತ್ರ. ಉಬ್ಬು ಗಾಜು ಇಟ್ಟರೆ ಬೆಳಕು ಕೂಡಿಕೊಳ್ಳುತ್ತದೆ, ಸರಿ. ಆದರೆ ಲೈಟ್‌ಹೌಸಿನ ಅಳತೆಗೆ ಅಂಥ ಗಾಜು ಮಾಡಿದರೆ ಅದು ಬಂಡೆಯಷ್ಟು ದಪ್ಪ, ಬಂಡೆಯಷ್ಟು ಭಾರ. ಫ್ರೆನೆಲ್ ಏನು ಮಾಡಿದ ಅಂದರೆ, ಬೆಳಕು ಬಗ್ಗುವುದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ದಪ್ಪದಿಂದ ಏನೂ ಉಪಯೋಗವಿಲ್ಲ ಅಂತ ಆ ದಪ್ಪವನ್ನೇ ತೆಗೆದುಬಿಟ್ಟ. ಉಬ್ಬನ್ನು ಮಾತ್ರ ಉಂಗುರ ಉಂಗುರವಾಗಿ ಉಳಿಸಿಕೊಂಡ. 1823ರಲ್ಲಿ ಫ್ರಾನ್ಸಿನ ಕಾರ್ಡುವಾನ್ ಲೈಟ್‌ಹೌಸಿನಲ್ಲಿ ಮೊದಲು ಕೂರಿಸಿದರು. ನಾಲ್ಕು ವರ್ಷಕ್ಕೆ ಅವನು ತೀರಿಕೊಂಡ, 39 ವಯಸ್ಸು. ಆಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಬ್ರದರ್ಸ್ ಕಂಪನಿಯವರು ಇಂಥ ಲೆನ್ಸು ಮಾಡಿ ಜಗತ್ತಿಗೆಲ್ಲ ಕಳಿಸಿದರು, ನಮ್ಮ ದೇಶದ ಎಷ್ಟೋ ಲೈಟ್‌ಹೌಸುಗಳಿಗೂ ಅಲ್ಲಿಂದಲೇ ಬಂತು.

ಆ ಗಾಜಿನ ಮುಂದೆ ನಿಂತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಲೈಟ್‌ಹೌಸ್ ದೀಪದ ಇಡೀ ಕಥೆ ಬೆಂಕಿಯನ್ನು ದೊಡ್ಡದು ಮಾಡಿದ ಕಥೆಯಲ್ಲ. ಬೆಳಕು ಪೋಲಾಗದ ಹಾಗೆ ನೋಡಿಕೊಂಡ ಕಥೆ. ಬರಬರುತ್ತಾ ದೀಪ ಚಿಕ್ಕದಾಗಿದೆ, ಬೆಳಕು ದೂರ ಹೋಗಿದೆ.

ಇದಕ್ಕೆ ಚೆನ್ನೈಗಿಂತ ಒಳ್ಳೇ ಜಾಗ ಸಿಗುವುದು ಕಷ್ಟ. ಈ ಊರಿನಲ್ಲಿ ಒಂದಾದ ಮೇಲೊಂದು ನಾಲ್ಕು ಲೈಟ್‌ಹೌಸುಗಳಾದವು, ನಾಲ್ಕರ ಜಾಗವೂ ಇವತ್ತಿಗೂ ಉಳಿದಿದೆ. ಮೊದಲನೆಯದು 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಒಳಗಿನ ಎಕ್ಸ್‌ಚೇಂಜ್ ಕಟ್ಟಡದ ಮಾಳಿಗೆ ಮೇಲೆ. ಈಗ ಅದೇ ಕಟ್ಟಡ ಫೋರ್ಟ್ ಮ್ಯೂಸಿಯಂ. ಅಲ್ಲಿ ಉರಿಸಿದ್ದು ಏನು ಗೊತ್ತಾ? ತೆಂಗಿನೆಣ್ಣೆ! ದೊಡ್ಡ ಲಾಂದ್ರದೊಳಗೆ ಬತ್ತಿ, ತೆಂಗಿನೆಣ್ಣೆ. ನಮ್ಮ ದೇವರ ಮನೆಯ ದೀಪವೇ, ದೊಡ್ಡದು ಅಷ್ಟೇ. ಆಗ ಮದ್ರಾಸಿಗೆ ಬಂದರು ಅನ್ನುವುದೇ ಇರಲಿಲ್ಲ. ಹಡಗುಗಳು ಅಲೆಗಳಿಂದ ಆಚೆ ಲಂಗರು ಹಾಕಿ ನಿಲ್ಲುತ್ತಿದ್ದವು, ಜನರೂ ಸಾಮಾನೂ ಹಗ್ಗದಲ್ಲಿ ಹೊಲಿದ ಮಸೂಲಾ ದೋಣಿಗಳಲ್ಲಿ ದಡಕ್ಕೆ ಬರಬೇಕು. ಅಂಥ ಕಡೆ ರಾತ್ರಿ ಒಂದು ದೀಪ ಎಷ್ಟು ಮುಖ್ಯ ಅಲ್ವಾ.

ಎರಡನೆಯದು 1844ರ ಕಲ್ಲಿನ ಕಂಬ. ಹೈಕೋರ್ಟ್ ಆವರಣದಲ್ಲಿ ಈಗಲೂ ನಿಂತಿದೆ. ಒಳಗೆ ಸುಮ್ನೆ ನುಗ್ಗಲು ಆಗುವುದಿಲ್ಲ, ನಾವು ರಸ್ತೆಯ ಕಡೆಯಿಂದಲೇ ನೋಡಿದೆವು. ಗ್ರೀಕ್ ದೇವಸ್ಥಾನದಿಂದ ಒಂದು ಕಂಬ ಮಾತ್ರ ಕಿತ್ತು ತಂದು ನಿಲ್ಲಿಸಿದ ಹಾಗಿದೆ. ಇದರಲ್ಲಿ ಅರ್ಗಾಂಡ್ ದೀಪಗಳು, ಅವುಗಳ ಹಿಂದೆ ಬೆಳಕನ್ನು ಎದುರಿಗೆ ತಳ್ಳುವ ಬಟ್ಟಲಿನಂಥ ಕನ್ನಡಿಗಳು. ಅರ್ಗಾಂಡ್ ಜಿನೀವಾದವನು, 1780ರ ಹೊತ್ತಿಗೆ ಅವನು ಮಾಡಿದ ಬದಲಾವಣೆ ನೋಡಲು ಸಣ್ಣದು. ಬತ್ತಿಯನ್ನು ಹಗ್ಗದ ಹಾಗೆ ಹೊಸೆಯುವ ಬದಲು ಕೊಳವೆಯ ಹಾಗೆ ದುಂಡಗೆ ಮಾಡಿದ. ಆಗ ಗಾಳಿ ಹೊರಗಿನಿಂದಲೂ ಸಿಗುತ್ತದೆ, ಒಳಗಿನಿಂದಲೂ ಸಿಗುತ್ತದೆ. ಮೇಲೆ ಗಾಜಿನ ಚಿಮಣಿ, ಗಾಳಿ ಎಳೆದುಕೊಳ್ಳಲು. ಹೊಗೆ ಕಮ್ಮಿ, ಬೆಳಕು ಜಾಸ್ತಿ. ಹೊಗೆ ಕಮ್ಮಿಯಾಗುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಲಾಟೀನಿನ ಗಾಜು ಒರೆಸಿದವರಿಗೆ ಗೊತ್ತು, ಒಂದು ರಾತ್ರಿಯ ಮಸಿ ಸಾಕು, ಬೆಳಕು ಮಂಕಾಗಲು. ಲೈಟ್‌ಹೌಸಿನಲ್ಲಿ ಮಂಕಾದರೆ ಹಡಗೇ ಹೋಗುತ್ತದೆ.

ಮೂರನೆಯದಕ್ಕೆ ಬೇರೆ ಗೋಪುರವನ್ನೇ ಕಟ್ಟಲಿಲ್ಲ. ಹೈಕೋರ್ಟಿನ ಹೊಸ ಕಟ್ಟಡ 1892ರಲ್ಲಿ ಮುಗಿದಿತ್ತು, ಅದರ ಎತ್ತರದ ಗುಮ್ಮಟದ ಮೇಲೆಯೇ 1894ರಲ್ಲಿ ದೀಪ ಇಟ್ಟರು. ಕೆಳಗೆ ನ್ಯಾಯ, ಮೇಲೆ ದೀಪ. ಆ ಹೊತ್ತಿಗೆ ತೆಂಗಿನೆಣ್ಣೆ ಹೋಗಿ ಸೀಮೆಎಣ್ಣೆ ಬಂದಿತ್ತು, ನಮ್ಮ ಕಡೆ ಚಿಮಿಣಿ ಎಣ್ಣೆ ಅನ್ನುತ್ತೇವಲ್ಲ, ಅದು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ಹಡಗು ಬಂದು ಮದ್ರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತಲ್ಲ, ಆಗ ಇದ್ದದ್ದು ಇದೇ ದೀಪ. ಹೈಕೋರ್ಟಿನ ಗೋಡೆಯಲ್ಲಿ ಅದರ ನೆನಪಿನ ಫಲಕ ಇದೆ. ತಮಿಳಿನಲ್ಲಿ ಇವತ್ತಿಗೂ ಗಟ್ಟಿ ಆಸಾಮಿಯನ್ನು ಎಮ್ಡನ್ ಅನ್ನುತ್ತಾರೆ ಅಂತ ಚಿಕ್ಕಪ್ಪ ಹೇಳಿದರು, ಅವರ ಹೋಟೆಲಿನ ಕ್ಯಾಷಿಯರನ್ನೇ ಎಲ್ಲರೂ ಹಾಗೆ ಕರೆಯುತ್ತಾರಂತೆ.

ಈಗ ಗ್ಯಾಸ್‌ಲೈಟಿಗೆ ಬರುತ್ತೇನೆ.

ಮ್ಯೂಸಿಯಮ್ಮಿನಲ್ಲಿ ಸೀಮೆಎಣ್ಣೆಯ ಹಳೇ ಬರ್ನರ್ ಒಂದರ ಮುಂದೆ ಚಿಕ್ಕಪ್ಪ ನಿಂತರು. ಕನ್ನಡಕ ಹಣೆಗೆ ಏರಿಸಿ ಬಗ್ಗಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇದು ನಮ್ಮ ಗ್ಯಾಸ್‌ಲೈಟೇ ಅಲ್ವೇನೋ!" ಅಂದರು.

ಹೌದು, ಅದೇ. ಸೀಮೆಎಣ್ಣೆಯನ್ನು ಬತ್ತಿಯಲ್ಲಿ ಉರಿಸುವ ಬದಲು ಪಂಪು ಹೊಡೆದು ಒತ್ತಡ ಕೊಟ್ಟು, ಬಿಸಿ ಕೊಳವೆಯಲ್ಲಿ ಆವಿ ಮಾಡಿ, ಆ ಆವಿಯನ್ನು ಮ್ಯಾಂಟಲಿನ ಒಳಗೆ ಉರಿಸುವುದು. 1901ರಲ್ಲಿ ಆರ್ಥರ್ ಕಿಟ್ಸನ್ ಅನ್ನುವವನು ಇದನ್ನು ಲೈಟ್‌ಹೌಸಿಗೆ ಹೊಂದಿಸಿದ. ಮ್ಯಾಂಟಲ್ ಮಾತ್ರ ಅದಕ್ಕೂ ಹಿಂದಿನದು, ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ 1885ರಲ್ಲಿ ಕಂಡುಹಿಡಿದದ್ದು. ಮನೆಯ ಗ್ಯಾಸ್‌ಲೈಟು, ಅಂದರೆ ಪೆಟ್ರೋಮ್ಯಾಕ್ಸ್, ಇದರದ್ದೇ ಜಾತಿ.

ಚಿಕ್ಕಪ್ಪ ಅಲ್ಲೇ ನಿಂತು ನನಗೆ ಕೈಯಲ್ಲೇ ತೋರಿಸಿದರು. ಮೊದಲು ಹೊಸ ಮ್ಯಾಂಟಲ್ ಕಟ್ಟಬೇಕು. ಅದು ಮೆತ್ತಗಿನ ಬಟ್ಟೆಯ ಚೀಲ, ಮಗುವಿನ ಕಾಲುಚೀಲದ ಹಾಗೆ. ದಾರ ಎಳೆದು ನೆರಿಗೆ ಎಲ್ಲಾ ಕಡೆ ಸಮ ಬರುವ ಹಾಗೆ ಕಟ್ಟಬೇಕು, ಇಲ್ಲದಿದ್ದರೆ ಒಂದು ಕಡೆ ಉಬ್ಬಿ ಒಡೆಯುತ್ತದೆ. ಆಮೇಲೆ ಸ್ಪಿರಿಟ್ ಹಾಕಿ ಕೊಳವೆ ಬಿಸಿ ಮಾಡಬೇಕು. ಬಟ್ಟೆ ಉರಿದು ಹೋಗುತ್ತದೆ. ಉಳಿಯುವುದು ಬರೀ ಬೂದಿ, ಬಿಳೀ ಬೂದಿ, ಆದರೆ ಅದೇ ಚೀಲದ ಆಕಾರದಲ್ಲಿ ನಿಂತಿರುತ್ತದೆ. ಬೆಳಗುವುದು ಆ ಬೂದಿ. ಪಂಪು ಹೊಡೆದ ಹಾಗೆ ಸೊಯ್ ಅನ್ನುವ ಸದ್ದು ಏರುತ್ತದೆ, ಕೆಂಪಗಿದ್ದದ್ದು ಹಳದಿಯಾಗಿ, ಹಳದಿ ಇದ್ದದ್ದು ಬೆಳ್ಳಗಾಗಿ, ಆಮೇಲೆ ನೋಡಲು ಆಗುವುದಿಲ್ಲ. ಒಂದು ಚಿಟ್ಟೆ ಬಂದು ತಾಗಿದರೆ ಮುಗಿಯಿತು, ಪುಡಿಪುಡಿ. "ಆಟದ ಮಧ್ಯೆ ಮ್ಯಾಂಟಲ್ ಬಿದ್ದರೆ ವೇಷಧಾರಿಗಿಂತ ಮೊದಲು ಅಪ್ಪ ರಂಗಸ್ಥಳಕ್ಕೆ ಓಡುತ್ತಿದ್ದರು" ಅಂದರು ಚಿಕ್ಕಪ್ಪ. ಅಜ್ಜನ ಅಂಗಿ ಜೇಬಿನಲ್ಲಿ ಯಾವಾಗಲೂ ಎರಡು ಮ್ಯಾಂಟಲ್ ಇರುತ್ತಿತ್ತಂತೆ, ಮದುವೆಗೆ ಊಟಕ್ಕೆ ಹೋದಾಗಲೂ.

ಆ ಬಟ್ಟೆಗೆ ಹಚ್ಚುವುದು ಥೋರಿಯಂ, ಜೊತೆಗೆ ಸ್ವಲ್ಪ ಸೀರಿಯಂ. ಆ ಥೋರಿಯಂ ಎಲ್ಲಿಂದ ಬರುತ್ತಿತ್ತು ಅನ್ನುವುದು ಗೊತ್ತಾದರೆ ಆಶ್ಚರ್ಯವಾಗುತ್ತದೆ. 1909ರಲ್ಲಿ ಶೋಂಬರ್ಗ್ ಅನ್ನುವ ಜರ್ಮನ್ ರಸಾಯನ ತಜ್ಞ ಆಗಿನ ತಿರುವಾಂಕೂರಿನ ಮಣವಾಳಕುರಿಚ್ಚಿಯ ಕಡಲ ಮರಳಿನಲ್ಲಿ ಮೊನಜೈಟ್, ಅಂದರೆ ಥೋರಿಯಂ ಇರುವ ಖನಿಜ, ಇದೆ ಅಂತ ಗುರುತಿಸಿದ. ಆ ಊರು ಈಗ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಅಲ್ಲಿಂದ ಮರಳು ಹಡಗಿನಲ್ಲಿ ಜರ್ಮನಿಗೆ ಹೋಗುತ್ತಿತ್ತು, ಮ್ಯಾಂಟಲ್ ಮಾಡಲು. ಅಂದರೆ ಎಲ್ಲೋ ದೂರದ ಲೈಟ್‌ಹೌಸಿನಲ್ಲಿ ಬೆಳಗಿದ ಬೂದಿ ನಮ್ಮ ದಕ್ಷಿಣದ ಕಡಲ ದಂಡೆಯ ಮರಳೇ ಆಗಿರಬಹುದು.

ಇನ್ನೊಂದು ವಿಷಯ ತಿರುಗುವ ಯಂತ್ರದ್ದು. ದೀಪ ಮಿನುಗುತ್ತದೆ ಅಂತ ನಾವು ಅನ್ನುತ್ತೇವೆ, ಆದರೆ ಹಳೇ ಲೈಟ್‌ಹೌಸಿನಲ್ಲಿ ದೀಪ ಉರಿಯುತ್ತಲೇ ಇರುತ್ತಿತ್ತು, ತಿರುಗುತ್ತಿದ್ದದ್ದು ಸುತ್ತಲಿನ ಲೆನ್ಸು. ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಭಾರದ ಗುಂಡನ್ನು ಮೇಲಕ್ಕೆ ಸುತ್ತಿ ಬಿಟ್ಟರೆ ಅದು ಗೋಪುರದ ಒಳಗೆ ನಿಧಾನವಾಗಿ ಇಳಿಯುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು. ಇಳಿದು ಮುಗಿದರೆ ಮತ್ತೆ ಸುತ್ತಬೇಕು, ರಾತ್ರಿಯಿಡೀ. ಟನ್‌ಗಟ್ಟಲೆ ತೂಗುವ ಲೆನ್ಸು ಬೇಗ ತಿರುಗಲಿ ಅಂತ 1890ರ ನಂತರ ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿದರು. ಆಗ ಒಂದು ಬೆರಳಿನಲ್ಲಿ ನೂಕಿದರೂ ತಿರುಗುತ್ತದೆ. ಪಾದರಸದ ಆವಿ ಕುಡಿದು ಕಾವಲಿನವರ ಆರೋಗ್ಯ ಕೆಟ್ಟದ್ದೂ ಇದೆ, ಆ ಲೆಕ್ಕವನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಪ್ರತಿ ಲೈಟ್‌ಹೌಸಿಗೂ ಅದರದ್ದೇ ತಾಳ ಇರುತ್ತದೆ. ನಾವಿಕ ಕತ್ತಲಲ್ಲಿ ಎಣಿಸಿ ಇದು ಯಾವ ಊರು ಅಂತ ತಿಳಿಯುವುದು ಹಾಗೆ. ಚೆನ್ನೈಯದ್ದು 10 ಸೆಕೆಂಡಿಗೆ ಎರಡು ಮಿನುಗು, 28 ನಾಟಿಕಲ್ ಮೈಲಿ ದೂರಕ್ಕೆ ಕಾಣುತ್ತದೆ, ಅಂದರೆ ಸುಮಾರು 52 ಕಿಲೋಮೀಟರ್.

ಆಮೇಲಿನದ್ದು ಅಸಿಟಿಲೀನ್ ಗ್ಯಾಸಿನ ಕಾಲ. ಇದರಲ್ಲಿ ಸ್ವೀಡನ್ನಿನ ಗುಸ್ತಾಫ್ ದಲೆನ್ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1907ರಲ್ಲಿ ಅವನು ಸೂರ್ಯನ ಬೆಳಕಿಗೆ ತಾನಾಗಿಯೇ ಮುಚ್ಚಿಕೊಳ್ಳುವ ವಾಲ್ವ್ ಮಾಡಿದ. ಒಂದು ಕಪ್ಪು ಸರಳು, ಅದರ ಸುತ್ತ ಹೊಳೆಯುವ ಸರಳುಗಳು. ಬಿಸಿಲು ಬಿದ್ದರೆ ಕಪ್ಪು ಸರಳು ಜಾಸ್ತಿ ಬಿಸಿಯಾಗಿ ಹಿಗ್ಗಿ ಗ್ಯಾಸ್ ನಿಲ್ಲಿಸುತ್ತದೆ. ಸಂಜೆಯಾದರೆ ಕುಗ್ಗಿ ಬಿಡುತ್ತದೆ, ದೀಪ ಹತ್ತುತ್ತದೆ. ಕರೆಂಟಿಲ್ಲ, ಮನುಷ್ಯನಿಲ್ಲ. 1912ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ ವರ್ಷ ಗ್ಯಾಸ್ ಸಿಡಿದು ಅವನ ಎರಡೂ ಕಣ್ಣು ಹೋದವು. ಬಹುಮಾನವನ್ನು ಅವನ ಅಣ್ಣ ಹೋಗಿ ತೆಗೆದುಕೊಂಡ. ಅಷ್ಟೊಂದು ಹಡಗಿನವರಿಗೆ ದಾರಿ ಕಾಣಿಸಿದವನು ಉಳಿದ 25 ವರ್ಷ ಕತ್ತಲಲ್ಲೇ ಕೆಲಸ ಮಾಡಿದ. ಇದನ್ನು ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕರೆಂಟಿನ ಕಥೆ ಚಿಕ್ಕದು. ಇಂಗ್ಲೆಂಡಿನ ಸೌತ್ ಫೋರ್‌ಲ್ಯಾಂಡಿನಲ್ಲಿ 1858ರಲ್ಲೇ ಮೈಕಲ್ ಫ್ಯಾರಡೆಯ ಉಸ್ತುವಾರಿಯಲ್ಲಿ ವಿದ್ಯುತ್ ದೀಪ ಹಚ್ಚಿ ನೋಡಿದ್ದರು. ಆದರೆ ಯಂತ್ರ ದುಬಾರಿ, ನೋಡಿಕೊಳ್ಳುವುದು ಕಷ್ಟ. ಅದಕ್ಕೇ ಸೀಮೆಎಣ್ಣೆ ಅಷ್ಟು ವರ್ಷ ನಡೆಯಿತು. ಈಗ ಬಂದಿರುವ ಎಲ್‌ಇಡಿಗೆ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ಸಾಕು. ಎಷ್ಟೋ ಕಡೆ ತಿರುಗುವ ಲೆನ್ಸೂ ಬೇಕಾಗಿಲ್ಲ, ದೀಪವೇ ಹತ್ತಿ ಆರುತ್ತದೆ. ಕೆಲಸಕ್ಕೆ ಒಳ್ಳೆಯದು, ನಾನು ಒಪ್ಪುತ್ತೇನೆ. ಆದರೆ ಆ ತಿರುಗುವ ಬೆಳಕಿನ ಕೋಲು ಆಕಾಶದಲ್ಲಿ ನಡೆದುಕೊಂಡು ಹೋಗುವುದನ್ನು ನೋಡಿ ಬೆಳೆದವನಿಗೆ, ಅದು ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿ ಉಳಿಯಲಿ ಅಂತ ಆಸೆ.

ರೇಟಿಂಗ್ ಕೇಳಿದರೆ 5ಕ್ಕೆ 5 ಕೊಡುತ್ತೇನೆ, ಆದರೆ ನೀವು ಮ್ಯೂಸಿಯಮ್ಮಿಗೆ ಕನಿಷ್ಠ ಒಂದು ಗಂಟೆ ಕೊಟ್ಟರೆ. ಮಕ್ಕಳಿದ್ದರೆ ಒಂದು ಭೂತಗನ್ನಡಿ ತೆಗೆದುಕೊಂಡು ಹೋಗಿ, ಲೆನ್ಸು ಹೇಗೆ ಕೆಲಸ ಮಾಡುತ್ತದೆ ಅಂತ ಅಲ್ಲೇ ತೋರಿಸಬಹುದು. ಬೆಳಗ್ಗೆ ಫೋರ್ಟ್ ಮ್ಯೂಸಿಯಂ, ಆಮೇಲೆ ಹೈಕೋರ್ಟಿನ ಹೊರಗಿನಿಂದ ಕಂಬ ಮತ್ತು ಗುಮ್ಮಟ, ಊಟ ಮುಗಿಸಿ ಮರೀನಾ, ಹೀಗೆ ಹೋದರೆ ನಾಲ್ಕೂ ವರ್ಷದ ಪ್ರಕಾರ ಸಿಗುತ್ತವೆ. ಟಿಕೆಟಿನ ಸಮಯ ಮುಗಿದ ಮೇಲೆ ಹೊರಟುಬಿಡಬೇಡಿ. ಮರಳಲ್ಲಿ ಕೂತು ಕತ್ತಲಾಗುವವರೆಗೆ ಕಾಯಿರಿ. ನಾವು ಕಾದೆವು. ದೀಪ ಹತ್ತಿದ ಮೇಲೆ ಚಿಕ್ಕಪ್ಪ ಗಡಿಯಾರ ಹಿಡಿದು ಎಣಿಸಿದರು. ಎರಡು ಮಿನುಗು, ಬಿಡುವು, ಮತ್ತೆ ಎರಡು. ಮೂರು ಸಲ ಎಣಿಸಿ, "ಸರಿ ಉಂಟು" ಅಂದರು.

ಹೋದ ವಾರ ಅವರು ಊರಿಗೆ ಹೋಗಿದ್ದರು. ಅಟ್ಟದ ಮೇಲೆ ಅಜ್ಜನ ಗ್ಯಾಸ್‌ಲೈಟ್ ಒಂದು ಸಿಕ್ಕಿದೆ. ಟ್ಯಾಂಕು ಸೋರುವುದಿಲ್ಲ, ಪಂಪಿನ ವಾಷರ್ ಬದಲಾಯಿಸಿದ್ದಾರೆ, ಗಾಜೂ ಒಡೆದಿಲ್ಲ. ಮ್ಯಾಂಟಲ್ ಮಾತ್ರ ಇಲ್ಲ. ಉಡುಪಿ, ಮಂಗಳೂರು ಕಡೆ ಯಾವುದಾದರೂ ಹಳೇ ಅಂಗಡಿಯಲ್ಲಿ ಇನ್ನೂ ಸಿಗುತ್ತದೆಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಎರಡು ಬೇಕು.